ಬೇಸಗೆಯ ಬಿಡುವಿನ ಓದು: ಆಯ್ಕೆ ಯಾರದು?

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ಬೇಸಗೆಯ ಬಿಡುವು ಬಂದಿತೆಂದರೆ ಚಾಕಣದ ಕನ್ನಡ ಮನೆಗಳಲ್ಲಿ ಈ ನುಡಿಯ ಮೊದಲ ಅರ್ಧವು ತಾನಾಗಿಯೇ ನಡೆದುಹೋಗುತ್ತದೆ. ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಲೇ ಗಂಟುಮೂಟೆ ಕಟ್ಟಿಕೊಂಡು ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿಗಳ ಕಡೆಗೆ ಹೊರಡುವ ಬಸ್ಸು ರೈಲುಗಳನ್ನು ಹಿಡಿಯುತ್ತೇವೆ. ಅಜ್ಜನ ಮನೆ, ಊರ ಜಾತ್ರೆ, ಬಂಧುಗಳ ಮದುವೆ, ಮಾವಿನ ತೋಪು, ಬಾವಿಯ ಈಜು, ಇವುಗಳಲ್ಲಿ ದಿನಗಳು ಉರುಳಿ ಜೂನ್ ತಿಂಗಳ ನಡುವಿನಲ್ಲಿ ಶಾಲೆಯ ಗಂಟೆ ಮತ್ತೆ ಕರೆಯುತ್ತದೆ. ದೇಶ ಸುತ್ತಿದ್ದಾಯಿತು, ಕೋಶ ಓದುವುದು ಮಾತ್ರ ಉಳಿದುಹೋಯಿತು. ಉಳಿದುದಕ್ಕೆ ಕಾರಣವೇನೆಂದು ಕೇಳಿದರೆ ಬಹುಮಂದಿ ವಿದ್ಯಾರ್ಥಿಗಳು ಕೊಡುವ ಉತ್ತರ ಒಂದೇ: “ಯಾವ ಪುಸ್ತಕ ಓದಬೇಕೆಂಬುದೇ ತಿಳಿಯಲಿಲ್ಲ.” ಈ ಉತ್ತರವು ಸೋಮಾರಿತನದ ನೆಪವೆಂದು ಹಿರಿಯರು ತಳ್ಳಿಹಾಕುವುದುಂಟು. ನನಗೆ ಹಾಗೆ ತೋರುವುದಿಲ್ಲ. ಇದು ನಿಜವಾದ ಪ್ರಶ್ನೆ. ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಹದಿಹರೆಯದವರ ಓದಿನ ವಿಷಯದಲ್ಲಿ ಹಿರಿಯರು ಸಾಮಾನ್ಯವಾಗಿ ಎರಡು ಬಗೆಯವರು. ಮೊದಲನೆಯ ಬಗೆಯವರಿಗೆ ಪಠ್ಯಪುಸ್ತಕದ ಹೊರಗಿನ ಓದೆಲ್ಲವೂ ಕಾಲಹರಣ. ಕಥೆ ಕಾದಂಬರಿಗಳನ್ನು ಕಂಡರೆ ಅವರು ಹುಬ್ಬು ಗಂಟಿಕ್ಕುವರು. ಎರಡನೆಯ ಬಗೆಯವರು ಓದಿನ ಅಭಿಮಾನಿಗಳು. ಆದರೆ ಆ ಅಭಿಮಾನದ ಭರದಲ್ಲಿ ಅವರು ಒಂದು ಉದ್ದನೆಯ ಪಟ್ಟಿಯನ್ನು ಬರೆದು ಕೈಗಿಡುವರು. ಆ ಪಟ್ಟಿಯಲ್ಲಿರುವ ಪುಸ್ತಕಗಳೆಲ್ಲ ಉತ್ತಮವಾದವುಗಳೇ. ಅವರು ತಮ್ಮ ಹದಿನೈದನೆಯ ವಯಸ್ಸಿನಲ್ಲಿ ಓದಿ ಸಂತೋಷಪಟ್ಟವು ಕೆಲವು. ಓದಲಾಗದೆ ಬಿಟ್ಟುದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿರುವವು ಹಲವು. ಪಟ್ಟಿ ಪಡೆದ ಹುಡುಗನು ಅದನ್ನು ನಾಲ್ಕಾಗಿ ಮಡಿಚಿ ಕಿಸೆಯಲ್ಲಿಡುತ್ತಾನೆ. ಜೂನಿನಲ್ಲಿ ಆ ಅಂಗಿಯನ್ನು ಒಗೆಯಲು ಹಾಕಿದಾಗ ಪಟ್ಟಿಯೂ ಸೋಪಿನ ನೀರಿನಲ್ಲಿ ಕರಗುತ್ತದೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಮತ್ತೊಂದು ಗಾದೆಯಿದೆ. ಓದು ನೋಟಕ್ಕಿಂತ ಊಟಕ್ಕೆ ಹತ್ತಿರವಾದುದು. ತಾಯಿಯು ಎಲೆಯ ಮೇಲೆ ನಾಲ್ಕು ಬಗೆಯ ಪದಾರ್ಥಗಳನ್ನು ಬಡಿಸಬಹುದು; ಯಾವುದರ ತುತ್ತನ್ನು ಮೊದಲು ಎತ್ತಬೇಕು, ಯಾವುದನ್ನು ಎರಡನೆಯ ಸಲ ಕೇಳಬೇಕು ಎಂಬುದು ಉಣ್ಣುವವನಿಗೆ ಬಿಟ್ಟದ್ದು. ಆದುದರಿಂದ ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಿಡುವಿನ ಪುಸ್ತಕವನ್ನು ಆರಿಸುವ ಹಕ್ಕು ಓದುವವನದೇ ಆಗಿರಬೇಕು. ಪುಸ್ತಕಗಳನ್ನು ಅವನ ಕೈಗೆ ನಿಲುಕುವಲ್ಲಿ ಇಡುವ ಹೊಣೆ ಹಿರಿಯರದೂ ಶಾಲೆಯದೂ ಆಗಿರಬೇಕು. ಈಗ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ: ಆಯ್ಕೆಯನ್ನು ಹಿರಿಯರು ಮಾಡುತ್ತಾರೆ, ಪುಸ್ತಕವನ್ನು ಹುಡುಕಿ ತರುವ ಕಷ್ಟವನ್ನು ಹುಡುಗರಿಗೆ ಬಿಡುತ್ತಾರೆ.

“ಆ ವಯಸ್ಸಿನವರಿಗೆ ಆರಿಸಿಕೊಳ್ಳುವ ತಿಳಿವಳಿಕೆ ಎಲ್ಲಿಂದ ಬರಬೇಕು?” ಎಂದು ಕೇಳುವವರಿದ್ದಾರೆ. ಅವರು ಚಾಕಣದಿಂದ ಕೆಲವೇ ಹರದಾರಿ ದೂರದಲ್ಲಿರುವ ಆಳಂದಿಯನ್ನು ನೆನೆಯಲಿ. ಇಂದ್ರಾಯಣಿಯ ದಂಡೆಯ ಮೇಲಿರುವ ಆ ಊರಿನಲ್ಲಿ 1296ರಲ್ಲಿ ಸಮಾಧಿ ಹೊಂದಿದ ಸಂತ ಜ್ಞಾನೇಶ್ವರರು ಸಂಪ್ರದಾಯದ ಎಣಿಕೆಯಂತೆ ಹುಟ್ಟಿದ್ದು 1275ರಲ್ಲಿ. ಗೀತೆಯ ಅರ್ಥವನ್ನು ಜನರ ಮಾತಾದ ಮರಾಠಿಯಲ್ಲಿ ವಿವರಿಸುವ ‘ಜ್ಞಾನೇಶ್ವರಿ’ ಮುಗಿದದ್ದು 1290ರಲ್ಲಿ. ಎಂದರೆ ಆಗ ಅವರಿಗೆ ಹದಿನೈದು ವರ್ಷ, ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಯ ವಯಸ್ಸು. ಕುವೆಂಪು ಅವರು ತಮ್ಮ ಮೊದಲ ಕವನಗಳನ್ನು ಇಂಗ್ಲಿಷಿನಲ್ಲಿ ಬರೆದು 1922ರಲ್ಲಿ ಪುಸ್ತಕವಾಗಿ ಹೊರತಂದಾಗ ಅವರಿಗೆ ಹದಿನೇಳು ವರ್ಷ. ಎರಡು ವರ್ಷಗಳ ತರುವಾಯ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯಬಾರದೇಕೆ ಎಂದು ಸೂಚಿಸಿದರು. ಆ ಸೂಚನೆಯನ್ನು ಮನಸ್ಸಿನಲ್ಲಿ ತೂಗಿ ಕನ್ನಡವನ್ನು ಆರಿಸಿಕೊಂಡವರು ಕುವೆಂಪು ಅವರೇ. ನಾವೆಲ್ಲರೂ ಜ್ಞಾನೇಶ್ವರರೋ ಕುವೆಂಪುಗಳೋ ಆಗುವೆವೆಂದು ನಾನು ಹೇಳುತ್ತಿಲ್ಲ. ಆದರೆ ಹದಿನೈದರ ವಯಸ್ಸನ್ನು ನೀತಿಕಥೆಗಳ ವಯಸ್ಸೆಂದು ಎಣಿಸುವುದು ಆ ವಯಸ್ಸಿಗೆ ಮಾಡುವ ಅಪಚಾರ.

ಇನ್ನು ನಮ್ಮ ವಿಶೇಷ ಪರಿಸ್ಥಿತಿಗೆ ಬರೋಣ. ಧಾರವಾಡದ ಅಥವಾ ಮೈಸೂರಿನ ವಿದ್ಯಾರ್ಥಿಗೆ ಪುಸ್ತಕದ ಆಯ್ಕೆಯೆಂದರೆ ಬಹಳ ಪುಸ್ತಕಗಳ ನಡುವೆ ಒಂದನ್ನು ಹುಡುಕುವ ಕೆಲಸ. ಚಾಕಣದ ಕನ್ನಡ ವಿದ್ಯಾರ್ಥಿಗೆ ಕನ್ನಡ ಪುಸ್ತಕವೇ ಕಣ್ಣಿಗೆ ಬೀಳುವುದಿಲ್ಲ. ನಾವು ಓದುವ ಪಠ್ಯಪುಸ್ತಕವು ಪುಣೆಯಲ್ಲಿಯೇ ಸಿದ್ಧವಾಗುತ್ತದೆ. ‘ಬಾಲಭಾರತಿ’ ಎಂದು ಹೆಸರಾದ, 1967ರಲ್ಲಿ ಸ್ಥಾಪನೆಗೊಂಡ ರಾಜ್ಯದ ಪಠ್ಯಪುಸ್ತಕ ಮಂಡಳವು ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಅಚ್ಚುಹಾಕುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಇದು ನಮ್ಮ ಭಾಗ್ಯವೇ ಸರಿ. ಆದರೆ ಪಠ್ಯಪುಸ್ತಕದ ಕೊನೆಯ ಪುಟವನ್ನು ದಾಟಿದ ಕೂಡಲೇ ನಮ್ಮ ಕನ್ನಡದ ದಾರಿ ಮುಗಿಯುತ್ತದೆ. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಪುಸ್ತಕದ ಅಂಗಡಿಗಳು ಸಾಲುಗಟ್ಟಿ ನಿಂತಿವೆ. ಅಲ್ಲಿ ತುಂಬಿರುವುದು ಮರಾಠಿ ಮತ್ತು ಇಂಗ್ಲಿಷ್ ಪುಸ್ತಕಗಳು. ನಾಸಿಕದ ಹೆದ್ದಾರಿಯ ಮೇಲಿರುವ ನಮ್ಮ ಚಾಕಣದ ಪೇಟೆಯಲ್ಲಿ ಈರುಳ್ಳಿ ಬಟಾಟೆಗಳು ಗಾಡಿಗಟ್ಟಲೆ ದೊರೆಯುತ್ತವೆ, ಕನ್ನಡದ ಒಂದು ಕಥಾಪುಸ್ತಕ ದೊರೆಯುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ಹತ್ತನೆಯ ತರಗತಿ ಮುಗಿದ ಮೇಲೆ ನಮ್ಮಲ್ಲಿ ಬಹುಮಂದಿ ಕಾಲೇಜಿಗೋ, ಐ.ಟಿ.ಐ.ಗೋ, ಕಾರ್ಖಾನೆಯ ತರಬೇತಿಗೋ ಹೋಗುವವರು. ಅಲ್ಲಿ ಪಾಠಗಳು ಇಂಗ್ಲಿಷಿನಲ್ಲಿ. ಮಾತು ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡವನ್ನು ಓದೆಂದು ಹೇಳುವ ಗುರುಗಳು ಅಲ್ಲಿಲ್ಲ. ಕನ್ನಡದಲ್ಲಿ ಬರೆಯಬೇಕಾದ ಪರೀಕ್ಷೆಯೂ ಇಲ್ಲ. ಅಲ್ಲಿಂದ ಮುಂದೆ ಕನ್ನಡದ ಓದು ಉಳಿಯುವುದಾದರೆ ಅದು ನಮ್ಮ ಇಚ್ಛೆಯ ಬಲದಿಂದ ಮಾತ್ರ ಉಳಿಯಬೇಕು. ಹತ್ತು ವರ್ಷ ಕನ್ನಡದಲ್ಲಿ ಓದಿ, ಯಾರ ಒತ್ತಾಯವೂ ಇಲ್ಲದೆ ತಾನಾಗಿ ಆರಿಸಿಕೊಂಡ ಒಂದೇ ಒಂದು ಕನ್ನಡ ಪುಸ್ತಕವನ್ನೂ ಓದದೆ ಶಾಲೆಯನ್ನು ಬಿಡುವವನಿಗೆ ಕನ್ನಡವು ಪರೀಕ್ಷೆಯ ಭಾಷೆಯಾಗಿ ಆರಂಭವಾಗಿ ಪರೀಕ್ಷೆಯೊಡನೆಯೇ ಮುಗಿದುಹೋಗುತ್ತದೆ. ಆದುದರಿಂದ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಬೇಸಗೆಗಳು ನಮಗೆ ಬಹು ಬೆಲೆಯುಳ್ಳವು. ಎಣಿಸಿದರೆ ಅವು ಎರಡೇ.

ಈ ಮಾತನ್ನು ನನಗೆ ಮನಗಾಣಿಸಿದವಳು ಒಬ್ಬ ವಿದ್ಯಾರ್ಥಿನಿ. ಎಂಟನೆಯ ತರಗತಿಯ ಆ ಹುಡುಗಿ ಒಂದು ಬೇಸಗೆಯಲ್ಲಿ ಇಂಡಿ ತಾಲ್ಲೂಕಿನ ತನ್ನ ಅಜ್ಜನ ಊರಿಗೆ ಹೋಗಿದ್ದಳು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಲೆಕ್ಕದ ವಹಿಗಳ ನಡುವೆ ಅವಳಿಗೊಂದು ಪುಸ್ತಕ ಸಿಕ್ಕಿತು. ಅದಕ್ಕೆ ಮೇಲುಹೊದಿಕೆಯಿರಲಿಲ್ಲ, ಹೆಸರಿರಲಿಲ್ಲ, ಕೊನೆಯ ಕೆಲವು ಪುಟಗಳನ್ನು ಇಲಿಗಳು ತಿಂದುಹಾಕಿದ್ದುವು. ಮಧ್ಯಾಹ್ನದ ಸೆಕೆಯಲ್ಲಿ ಬೇರೆ ಕೆಲಸವಿಲ್ಲದೆ ಅದನ್ನು ಬಿಡಿಸಿದಳು, ಬಿಡಿಸಿದವಳು ಕೆಳಗಿಡಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ದಿನ ನನ್ನ ಬಳಿಗೆ ಬಂದು, “ಗುರುಗಳೇ, ಕಾಡಿನ ನಡುವೆ ತೋಟ ಮಾಡಿಕೊಂಡಿರುವ ಒಬ್ಬ ಮುದುಕ, ಅವನ ಹೆಂಡತಿ. ಅವರ ಮಗ ಮನೆ ಬಿಟ್ಟು ಹೋಗಿದ್ದಾನೆ. ಆ ಮಗ ಮರಳಿ ಬಂದನೇ?” ಎಂದು ಕೇಳಿದಳು. ಅವಳು ಓದಿದ್ದುದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರಲ್ಲಿ ಪ್ರಕಟವಾದ ಕಾದಂಬರಿ. ಇದನ್ನು ಯಾರೂ ಅವಳ ಪಟ್ಟಿಯಲ್ಲಿ ಬರೆದುಕೊಟ್ಟಿರಲಿಲ್ಲ.

ನಾನು ಉತ್ತರ ಹೇಳಲಿಲ್ಲ. ಶಾಲೆಯ ಪುಸ್ತಕದ ಕಪಾಟನ್ನು ತೆರೆದು ಹುಡುಕಿದೆ. ಅದೇ ಕಾದಂಬರಿಯ ಪೂರ್ಣ ಪ್ರತಿಯೊಂದು ಎರಡನೆಯ ಹಲಗೆಯ ಮೇಲಿತ್ತು. ಪುಸ್ತಕದ ಒಳಗೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಒಂದೇ ಒಂದು ತಾರೀಖೂ ಇರಲಿಲ್ಲ. ಇಂಡಿಯ ಅಟ್ಟದ ಮೇಲೆ ಇಲಿ ತಿಂದ ಪ್ರತಿಗೆ ಒಬ್ಬ ಓದುಗಳು ದೊರೆತಳು. ಬೀಗದೊಳಗೆ ಭದ್ರವಾಗಿದ್ದ ನಮ್ಮ ಪ್ರತಿಗೆ ಯಾರೂ ದೊರೆತಿರಲಿಲ್ಲ. ಆ ದಿನ ನನಗೆ ನಾಚಿಕೆಯೆನಿಸಿತು. ಹುಡುಗಿಯು ಪುಸ್ತಕವನ್ನು ಕೊಂಡೊಯ್ದು ಕೊನೆಯನ್ನು ಓದಿ ಹಿಂದಿರುಗಿಸುವಾಗ ಹೇಳಿದ ಮಾತು ಇಷ್ಟೇ: “ನಮ್ಮ ಅಜ್ಜ ಅಜ್ಜಿಯೂ ಹಾಗೆಯೇ ನಮ್ಮ ದಾರಿ ಕಾಯುತ್ತಿರುತ್ತಾರೆ.” ದಕ್ಷಿಣ ಕನ್ನಡದ ಬೆಟ್ಟದ ಕಥೆಯು ಭೀಮಾತೀರದ ಮನೆಯೊಂದರ ಕಥೆಯೂ ಆಗಿಬಿಟ್ಟಿತ್ತು.

ಈ ಪ್ರಸಂಗದಿಂದ ಆಯ್ಕೆಯ ಮೊದಲ ಸೂತ್ರವು ಹೊರಡುತ್ತದೆ. ಪುಸ್ತಕವನ್ನು ಅದರ ಕೀರ್ತಿಯಿಂದ ಆರಿಸಬೇಡಿರಿ. ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಇರುವ ಒಂದು ಪ್ರಶ್ನೆಯಿಂದ ಆರಿಸಿರಿ. ಪ್ರಶ್ನೆಗಳು ಎಲ್ಲಿವೆಯೆಂದು ದೂರ ಹುಡುಕಬೇಕಾಗಿಲ್ಲ. ನಾವು ನಿಂತ ನೆಲದಲ್ಲಿಯೇ ಇವೆ.

ಚಾಕಣದ ಕೋಟೆಯನ್ನೇ ತೆಗೆದುಕೊಳ್ಳಿರಿ. ಸಂಗ್ರಾಮದುರ್ಗವೆಂಬ ಈ ನೆಲಗೋಟೆಯ ಅಳಿದುಳಿದ ಗೋಡೆಗಳ ಪಕ್ಕದಲ್ಲಿ ನಾವು ದಿನವೂ ನಡೆದಾಡುತ್ತೇವೆ. 1660ರಲ್ಲಿ ಮೊಗಲರ ಸರದಾರ ಶಾಯಿಸ್ತಾಖಾನನು ದೊಡ್ಡ ಸೈನ್ಯದೊಡನೆ ಇದನ್ನು ಮುತ್ತಿದಾಗ ಫಿರಂಗೋಜಿ ನರಸಾಳಾ ಎಂಬ ಕಿಲ್ಲೇದಾರನು ಕೆಲವೇ ನೂರು ಜನರನ್ನು ಕಟ್ಟಿಕೊಂಡು ಸುಮಾರು ಎರಡು ತಿಂಗಳ ಕಾಲ ಅದನ್ನು ಕಾದನು. ಸುರಂಗಕ್ಕೆ ಮದ್ದು ತುಂಬಿ ಬುರುಜನ್ನು ಹಾರಿಸಿದ ಮೇಲೆಯೇ ಕೋಟೆ ಬಿದ್ದಿತು. ಮುತ್ತಿಗೆಯೆಂದರೆ ಒಳಗಿನವರಿಗೆ ಏನು? ನೀರು, ಧಾನ್ಯ, ನಂಬಿಕೆ, ಇವು ಯಾವ ಕ್ರಮದಲ್ಲಿ ತೀರುತ್ತವೆ? ಈ ಪ್ರಶ್ನೆ ಯಾರಿಗೆ ಹುಟ್ಟಿದೆಯೋ ಅವರಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವು ಕಾದಿದೆ. 1779ರಲ್ಲಿ ಹೈದರಾಲಿಯ ಕೈಗೆ ಬಿದ್ದ ಚಿತ್ರದುರ್ಗದ ಮತ್ತು ಅದರ ಕೊನೆಯ ನಾಯಕ ಮದಕರಿಯ ಕಥೆಯದು. ಗಾತ್ರದಲ್ಲಿ ದೊಡ್ಡದು, ಆದರೆ ಚಾಕಣದ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದವನಿಗೆ ಆ ಗಾತ್ರವು ಭಾರವಾಗಲಾರದು. ಇತಿಹಾಸದಲ್ಲಿ ಪುಣೆಗೂ ಕರ್ನಾಟಕಕ್ಕೂ ಇರುವ ನಂಟು ಇಷ್ಟೇ ಅಲ್ಲ. ಶಿವಾಜಿ ಮಹಾರಾಜರ ತಂದೆ ಶಹಾಜಿಗೆ ಪುಣೆಯೂ ಜಹಗೀರು, ಬೆಂಗಳೂರೂ ಜಹಗೀರು. ಅವನು 1664ರಲ್ಲಿ ತೀರಿಕೊಂಡುದು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ. ಸಮಾಧಿಯು ಇಂದಿಗೂ ಅಲ್ಲಿದೆ. ಈ ಒಂದು ಎಳೆಯನ್ನು ಹಿಡಿದು ಹೊರಟರೆ ಒಂದು ಬೇಸಗೆಯ ಓದು ಸಾಲದು.

ಎರಡನೆಯ ಪ್ರಶ್ನೆ ನಮ್ಮ ಸುತ್ತಲಿನ ಪ್ರಕೃತಿಯದು. ನಮ್ಮ ಖೇಡ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಭೀಮಾಶಂಕರದ ಕಾಡಿದೆ. ಅಲ್ಲಿ ಹುಟ್ಟುವ ಭೀಮೆಯೇ ಪಂಢರಪುರವನ್ನು ಬಳಸಿ, ವಿಜಯಪುರ ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರುಣಿಸಿ ಕೃಷ್ಣೆಯನ್ನು ಸೇರುತ್ತಾಳೆ. ಎಂದರೆ ನಾವು ಬಿಡುವಿನಲ್ಲಿ ಹೋಗುವ ಊರಿಗೆ ನಮ್ಮ ತಾಲ್ಲೂಕಿನ ನೀರು ನಮಗಿಂತ ಮೊದಲೇ ಹೋಗಿರುತ್ತದೆ. ಈ ಸಹ್ಯಾದ್ರಿಯ ಕಾಡಿನಲ್ಲಿ ಏನಿದೆಯೆಂದು ಕುತೂಹಲವುಳ್ಳವರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ವನ್ನು ಹಿಡಿಯಲಿ. 1980ರಲ್ಲಿ ಬಂದ ಆ ಸಣ್ಣ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬನು ಹಳ್ಳಿಯ ಹುಡುಗನಾದ ಮಂದಣ್ಣನನ್ನೂ ಕೂಡಿಕೊಂಡು ಹಾರುವ ಓತಿಯನ್ನು ಅರಸುತ್ತ ಹೊರಡುತ್ತಾನೆ. ಓದುತ್ತ ಓದುತ್ತ ನಗುವುದೂ ಉಂಟು. ಮುಗಿಸಿದ ಮೇಲೆ ಮೌನವಾಗಿ ಕುಳಿತುಕೊಳ್ಳುವುದೂ ಉಂಟು. ಗಿಡಮರಗಳ ಮೇಲೆ ಆಸಕ್ತಿಯಿದ್ದವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ಸಸ್ಯಶಾಸ್ತ್ರದ ಪಾಠವು ಅಷ್ಟೊಂದು ವಿನೋದದಿಂದ ಕೂಡಿರಬಹುದೆಂದು ಅದನ್ನು ಓದುವವರೆಗೆ ನಾನು ನಂಬಿರಲಿಲ್ಲ.

ಕಾರ್ಖಾನೆಗಳ ನಡುವೆ ಬೆಳೆಯುತ್ತಿರುವ ನಮಗೆ ಯಂತ್ರಗಳ ಮೇಲಿನ ಒಲವು ಸಹಜ. ಇಲ್ಲಿ ವಿದ್ಯಾರ್ಥಿನಿಯರಿಗೆ ಒಂದು ಮಾತು. 1974ರಲ್ಲಿ ವಾಹನ ಕಾರ್ಖಾನೆಯೊಂದರ ಜಾಹೀರಾತಿನಲ್ಲಿ ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲವೆಂದು ಬರೆದುದನ್ನು ಕಂಡು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ತರುಣಿಯೊಬ್ಬಳು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆಯ ಕಾರ್ಡೊಂದನ್ನು ಬರೆದು ಪ್ರತಿಭಟಿಸಿದಳು. ಅವಳನ್ನು ಸಂದರ್ಶನಕ್ಕೆ ಕರೆಸಿದುದು ಇದೇ ಪುಣೆಗೆ, ಕೆಲಸವೂ ದೊರೆಯಿತು. ಆ ತರುಣಿಯೇ ಮುಂದೆ ಲೇಖಕಿಯಾದ ಸುಧಾ ಮೂರ್ತಿಯವರು. ಅವರ ‘ಸಾಮಾನ್ಯರಲ್ಲಿ ಅಸಾಮಾನ್ಯರು’ ಎಂಬ ಪುಸ್ತಕದಲ್ಲಿ ನಮ್ಮ ಉತ್ತರ ಕರ್ನಾಟಕದ ಮನೆಗಳ ಮಾತೂ ಮನುಷ್ಯರೂ ಜೀವಂತವಾಗಿ ಬಂದಿದ್ದಾರೆ. ಓದುವ ಅಭ್ಯಾಸ ತಪ್ಪಿಹೋದವರಿಗೆ ಮರಳಿ ಆರಂಭಿಸಲು ಅದು ಸುಲಭವಾದ ಬಾಗಿಲು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಆಳವಾದುದು: ನಾವು ಯಾರು? ನಮ್ಮ ತಂದೆತಾಯಿಗಳು ಬಿಟ್ಟು ಬಂದ ಹಳ್ಳಿ ಎಂಥದು? ಏಕೆ ಬಿಟ್ಟು ಬಂದರು? ಈ ಪ್ರಶ್ನೆಯುಳ್ಳವರು ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ನೋಡಲಿ. 1957ರಲ್ಲಿ ಹೊರಬಂದ ಈ ಕಾದಂಬರಿಯ ನಾಯಕನು ಒಂದು ಇಡೀ ಹಳ್ಳಿಯೇ. ಹಲಸಂಗಿಯ ಗೆಳೆಯರು ಭೀಮಾತೀರದ ಹೆಂಗಸರ ಬಾಯಿಂದ ಕೂಡಿಹಾಕಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇದೆ. ಅದನ್ನು ಒಬ್ಬರೇ ಕುಳಿತು ಓದುವುದಕ್ಕಿಂತ ಅಜ್ಜಿಯ ಮುಂದೆ ಕುಳಿತು ಓದುವುದು ಲೇಸು. ಪುಸ್ತಕದಲ್ಲಿಲ್ಲದ ಹಾಡುಗಳನ್ನು ಅಜ್ಜಿಯು ಹೇಳಿಕೊಡುವ ಸಂಭವವಿದೆ. ಬರೆದುಕೊಳ್ಳಲು ಒಂದು ವಹಿಯನ್ನು ಹತ್ತಿರವಿಟ್ಟುಕೊಳ್ಳಿರಿ. ಹಳ್ಳಿಯ ಬದುಕು ಎಲ್ಲರಿಗೂ ಸಮವಾಗಿ ಸವಿಯಾಗಿರಲಿಲ್ಲವೆಂಬ ಸತ್ಯವನ್ನೂ ನಾವು ತಿಳಿಯಬೇಕು. ಕಾರಂತರ ‘ಚೋಮನ ದುಡಿ’ಯು 1933ರಲ್ಲಿಯೇ ಅದನ್ನು ಹೇಳಿತು, ಸಿದ್ದಲಿಂಗಯ್ಯನವರ ‘ಊರುಕೇರಿ’ಯೂ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವೂ ಅದನ್ನು ಸ್ವಂತ ಬಾಳಿನಿಂದ ಎತ್ತಿ ತೋರಿಸಿದುವು. ಇವು ಆತ್ಮಕಥೆಗಳು; ಹದಿಹರೆಯದವರಿಗೆ ಮುಚ್ಚಿಡಬೇಕಾದವುಗಳಲ್ಲ, ಅವಶ್ಯವಾಗಿ ಕೊಡಬೇಕಾದವು.

ಇಷ್ಟು ಹೆಸರುಗಳನ್ನು ಹೇಳಿ ನಾನೂ ಒಂದು ಪಟ್ಟಿಯನ್ನೇ ಕೊಟ್ಟೆನೆಂದು ನೀವು ನಗಬಹುದು. ಆದರೆ ಇವುಗಳನ್ನೆಲ್ಲ ಓದಿರೆಂದು ನಾನು ಹೇಳುತ್ತಿಲ್ಲ. ಒಂದು ಪ್ರಶ್ನೆಯಿಂದ ಒಂದು ಪುಸ್ತಕಕ್ಕೆ ಹೋಗುವ ದಾರಿ ಹೇಗಿರುತ್ತದೆಯೆಂದು ತೋರಿಸಿದೆನಷ್ಟೆ. ನಿಮ್ಮ ಪ್ರಶ್ನೆ ಬೇರೆಯಾಗಿದ್ದರೆ ಪುಸ್ತಕವೂ ಬೇರೆಯಾಗುತ್ತದೆ. ಸಿಕ್ಕಿದ ಪುಸ್ತಕವು ನಿಮ್ಮದೇ ಅಲ್ಲವೇ ಎಂಬುದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಮುನ್ನುಡಿಯನ್ನು ಬಿಟ್ಟು ಮೊದಲ ಹತ್ತು ಪುಟಗಳನ್ನು ಓದಿರಿ. ಹನ್ನೊಂದನೆಯ ಪುಟವನ್ನು ತಿರುವಲು ಕೈ ತಾನಾಗಿ ಏಳುವುದಾದರೆ ಅದು ನಿಮ್ಮ ಪುಸ್ತಕ. ಏಳದಿದ್ದರೆ ಕೆಳಗಿಟ್ಟು ಮತ್ತೊಂದನ್ನು ಎತ್ತಿಕೊಳ್ಳಿರಿ. ಅರ್ಧಕ್ಕೆ ಬಿಟ್ಟ ಪುಸ್ತಕದ ವಿಷಯದಲ್ಲಿ ಪಾಪಭೀತಿ ಬೇಡ. ಎರಡು ವರ್ಷಗಳ ತರುವಾಯ ಅದೇ ನಿಮ್ಮನ್ನು ಕರೆಯಬಹುದು. ಉದ್ದನೆಯ ಓದು ಕಠಿನವೆನಿಸುವವರು ಸಣ್ಣ ಕಥೆಗಳಿಂದ ಆರಂಭಿಸಲಿ. ಮಾಸ್ತಿಯವರ ಕಥೆಗಳಿವೆ, ನಿರಂಜನರು ಸಂಪಾದಿಸಿದ, ದೇಶದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದ ‘ವಿಶ್ವಕಥಾಕೋಶ’ದ 25 ಸಂಪುಟಗಳಿವೆ. ದಿನಕ್ಕೊಂದು ಕಥೆಯಂತೆ ಓದಿದರೂ ಬಿಡುವು ಮುಗಿಯುವಾಗ ಭೂಮಂಡಲದ ಹಲವು ದೇಶಗಳನ್ನು ಸುತ್ತಿ ಬಂದಂತಾಗುತ್ತದೆ. ಒಂದು ನಿಯಮವನ್ನು ಮಾತ್ರ ನಾನು ಸೂಚಿಸುವೆನು: ಬಿಡುವಿಗೆ ಎರಡು ಪುಸ್ತಕಗಳಿರಲಿ. ಒಂದು ಸುಲಭವಾಗಿ ಸಾಗುವುದು. ಇನ್ನೊಂದು ನಿಮ್ಮ ಶಕ್ತಿಗಿಂತ ಒಂದು ಗೇಣು ಎತ್ತರದಲ್ಲಿರುವುದು.

ಕನ್ನಡ ಪುಸ್ತಕವನ್ನು ಓದಿರೆಂದರೆ ಮರಾಠಿಯನ್ನು ಬಿಡಿರೆಂದು ಅರ್ಥವಲ್ಲ. ಎರಡು ಭಾಷೆಗಳು ಬಲ್ಲವನಿಗೆ ಎರಡು ಬಾವಿಗಳ ನೀರು. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿಯನ್ನು ಪಡೆದರು, ಮರಾಠಿಯಲ್ಲಿಯೂ ಬರೆದರು, ಕನ್ನಡದ ವರಕವಿಯಾದರು. ಅದಕ್ಕೂ ಹಿಂದೆ, ಕನ್ನಡದಲ್ಲಿ ಕಾದಂಬರಿಗಳೇ ವಿರಳವಾಗಿದ್ದ ಕಾಲದಲ್ಲಿ, ಗಳಗನಾಥರು ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು; ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಅತ್ತ ಧಾರವಾಡದಲ್ಲಿ ಬಾಳಿದ ಜಿ.ಎ. ಕುಲಕರ್ಣಿಯವರು ಮರಾಠಿಯ ಶ್ರೇಷ್ಠ ಕಥೆಗಾರರಾದರು. ನಮ್ಮ ‘ಬಾಲಭಾರತಿ’ಯೇ 1971ರಿಂದ ಮರಾಠಿಯಲ್ಲಿ ‘ಕಿಶೋರ’ವೆಂಬ ಮಾಸಿಕವನ್ನು ಮಕ್ಕಳಿಗಾಗಿ ಹೊರಡಿಸುತ್ತ ಬಂದಿದೆ, ಅದನ್ನು ಓದಿರಿ. ಆದರೆ ಮರಾಠಿಯ ಪುಸ್ತಕವು ನಿಮಗೆ ಇಲ್ಲಿ ಎಂದಿಗೂ ದೊರೆಯುತ್ತದೆ, ಇಪ್ಪತ್ತೈದನೆಯ ವಯಸ್ಸಿನಲ್ಲಿಯೂ ದೊರೆಯುತ್ತದೆ. ಕನ್ನಡ ಪುಸ್ತಕದ ರುಚಿ ಈ ಎರಡು ಬೇಸಗೆಗಳಲ್ಲಿ ಹತ್ತದಿದ್ದರೆ ಮುಂದೆ ಹತ್ತುವುದು ದುಸ್ತರ. ಎರಡರಲ್ಲಿ ಒಂದಾದರೂ ಕನ್ನಡದ್ದಿರಲಿ ಎನ್ನುವುದು ಈ ಕಾರಣಕ್ಕೆ.

ಇನ್ನು ಆಕ್ಷೇಪಗಳು. “ಆಯ್ಕೆಯನ್ನು ಮಕ್ಕಳಿಗೆ ಬಿಟ್ಟರೆ ಅವರು ಹಗುರವಾದ ಪುಸ್ತಕಗಳನ್ನೇ ಆರಿಸುವರು” ಎಂಬುದೊಂದು. ಆರಿಸಲಿ. ಪತ್ತೇದಾರಿ ಕಥೆಯಿಂದ ಆರಂಭಿಸಿ ಮಹಾಕಾವ್ಯದವರೆಗೆ ಹೋದವರಿದ್ದಾರೆ. ಏನನ್ನೂ ಓದದೆ ಆರಂಭಿಸಿ ಎಲ್ಲಿಗಾದರೂ ಹೋದವರನ್ನು ನಾನು ಕಂಡಿಲ್ಲ. ಕೀಳಾದ ಪುಸ್ತಕಕ್ಕೆ ಮದ್ದು ಅದರ ಪಕ್ಕದಲ್ಲಿ ಇಟ್ಟ ಒಳ್ಳೆಯ ಪುಸ್ತಕ. “ಮೊಬೈಲಿನ ಮುಂದೆ ಪುಸ್ತಕ ನಿಲ್ಲುವುದೇ?” ಎಂಬುದು ಇನ್ನೊಂದು. ಪಟ್ಟಿಯಲ್ಲಿರುವ ಪುಸ್ತಕವು ನಿಲ್ಲಲಾರದು, ನಿಜ. ಆದರೆ ಕೈಯಲ್ಲಿರುವ ಪುಸ್ತಕ, ತಾನೇ ಆರಿಸಿದ ಪುಸ್ತಕ, ಅರ್ಧ ಓದಿ ಮುಂದೇನಾಯಿತೆಂದು ಕಾಡುವ ಪುಸ್ತಕವು ನಿಲ್ಲುತ್ತದೆ. “ಅಂಕಗಳ ಗತಿಯೇನು?” ಎಂಬ ಪಾಲಕರ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಗಲಿರುಳು ಪಾಳಿಯಲ್ಲಿ ದುಡಿದು ಮಕ್ಕಳನ್ನು ಓದಿಸುವವರು ಅಂಕಗಳನ್ನು ಎಣಿಸದೆ ಏನು ಮಾಡಬೇಕು? ಅವರಿಗೆ ನನ್ನ ಬಿನ್ನಹವಿಷ್ಟೆ: ಒಂದು ಪುಟವನ್ನು ತಡೆಯಿಲ್ಲದೆ ಓದಿ ಅರ್ಥಮಾಡಿಕೊಳ್ಳಬಲ್ಲವನಿಗೆ ವಿಜ್ಞಾನದ ಪ್ರಶ್ನೆಪತ್ರಿಕೆಯೂ ಸುಲಭವಾಗುತ್ತದೆ. ದಿನಕ್ಕೆ ಒಂದು ಗಂಟೆಯ ಕಥೆಯ ಓದು ಅಂಕಗಳ ಶತ್ರುವಲ್ಲ.

ಕೊನೆಯದಾಗಿ ನಮ್ಮ ಶಾಲೆಗಳ ಹೊಣೆ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯ ಸೂತ್ರವೇ ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಕದಿಯದಂತೆ ಸರಪಳಿಯಿಂದ ಬಿಗಿದಿಡುತ್ತಿದ್ದರು. ನಾವು ಅದನ್ನು ಓದಿ ನಗುತ್ತೇವೆ. ಆದರೆ ವರ್ಷದಲ್ಲಿ ವಿದ್ಯಾರ್ಥಿಗೆ ಅತಿ ಹೆಚ್ಚು ಸಮಯವಿರುವ ವಾರಗಳಲ್ಲಿಯೇ ಕಪಾಟಿಗೆ ಬೀಗ ಹಾಕಿ ಬೀಗದ ಕೈಯನ್ನು ಮೇಜಿನ ಖಾನೆಯಲ್ಲಿಡುತ್ತೇವೆ. ಇಂದ್ರಾಯಣಿಯ ಮಡುವಿನಲ್ಲಿ ಮುಳುಗಿಸಿದ ತುಕಾರಾಮರ ಅಭಂಗದ ವಹಿಗಳು ಹದಿಮೂರು ದಿನಗಳ ತರುವಾಯ ತೇಲಿ ಬಂದುವೆಂದು ದೇಹೂ ಗ್ರಾಮದವರು ಹೇಳುತ್ತಾರೆ. ಬೀಗದೊಳಗೆ ಮುಳುಗಿದ ಪುಸ್ತಕಗಳು ತಾವಾಗಿ ತೇಲಿ ಬರಲಾರವು. ಪರೀಕ್ಷೆಯ ಕೊನೆಯ ದಿನ ಕಪಾಟುಗಳನ್ನು ತೆರೆದು, ಪುಸ್ತಕಗಳನ್ನು ಮೇಜುಗಳ ಮೇಲೆ ಹರಡಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಬೇಕಾದ ಎರಡನ್ನು ತಾನೇ ಎತ್ತಿ ನೋಡಿ ಕೊಂಡೊಯ್ಯುವಂತೆ ಮಾಡಬೇಕು. ಕೆಲವು ಪುಸ್ತಕಗಳು ಹರಿಯುವುವು, ಒಂದೆರಡು ಕಳೆಯುವುವು. ಕಳೆದ ಪುಸ್ತಕವನ್ನು ಯಾರಾದರೂ ಒಬ್ಬರು ಓದಿರುವ ಸಂಭವವಿದೆ. ಬೀಗದೊಳಗಿನದಕ್ಕೆ ಆ ಸಂಭವವೂ ಇಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮಿಂದಲೂ ಒಂದು ಕೆಲಸವಾಗಬೇಕು. ಬರುವ ಬೇಸಗೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಪೇಟೆಯಲ್ಲಿ ಪುಸ್ತಕದ ಅಂಗಡಿ ಎಲ್ಲಿದೆಯೆಂದು ವಿಚಾರಿಸಿರಿ. ಜಾತ್ರೆಯಲ್ಲಿ ಆಟಿಕೆಗೆಂದು ಕೊಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಒಂದು ಕನ್ನಡ ಪುಸ್ತಕವನ್ನು ಕೊಳ್ಳಿರಿ. ಅಜ್ಜನ ಅಟ್ಟವನ್ನೂ ಒಂದು ಸಲ ಹತ್ತಿ ನೋಡಿರಿ. ಬಿಡುವಿನಲ್ಲಿ ಅದನ್ನು ನೀವು ಓದಿರಿ. ಜೂನಿನಲ್ಲಿ ತರಗತಿಗೆ ತಂದು ಪಕ್ಕದಲ್ಲಿ ಕುಳಿತವನ ಪುಸ್ತಕಕ್ಕೆ ಬದಲಾಯಿಸಿಕೊಳ್ಳಿರಿ. ನಲವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ನಲವತ್ತು ಪುಸ್ತಕಗಳಾಗುವುವು. ಚಾಕಣದ ಪೇಟೆಯಲ್ಲಿಲ್ಲದ ಕನ್ನಡದ ಅಂಗಡಿಯು ನಮ್ಮ ತರಗತಿಯಲ್ಲಿಯೇ ತೆರೆಯುವುದು. ಶಾಲೆ ತೆರೆದ ದಿನ “ಯಾವ ಪುಸ್ತಕ ಓದಿದೆ?” ಎಂದು ನಾನು ಯಾರನ್ನೂ ಕೇಳುವುದಿಲ್ಲ. “ಗುರುಗಳೇ, ಆಮೇಲೆ ಏನಾಯಿತು?” ಎಂದು ನೀವೇ ಬಂದು ಕೇಳುವುದನ್ನು ಕಾಯುತ್ತಿರುತ್ತೇನೆ.